ಮೇಡಂ ತಿಂಡಿ ವಿಚಾರಿಸಿದ್ದು

ಪ್ರೀತಿಯ ಅಮ್ಮನಿಗೆ,

ಫೋನ್ ಮಾಡುವುದು ಬಿಟ್ಟು ಪತ್ರ ಬರೆಯುತ್ತಿದ್ದೇನೆ, ಸಾರಿ. ಫೋನಿನಲ್ಲಾದರೆ ನೀನು ಮಾತು ಮರೆಸಿಬಿಡುತ್ತೀಯ. ರೂಮ್‌ಮೇಟ್ ನಮ್ಮೂರ ಕಡೆ ಹೊರಟಿದ್ದಾಳೆ, ಅವಳ ಕೈಲಿ ಕೊಟ್ಟಿದ್ದೇನೆ.

ಸ್ಕ್ಯಾನಿಂಗ್ ಕಲಿಯಲು ನಾವು ಫಸ್ಟ್ ಇಯರ್‌ನವರು ಒಬ್ಬರ ಮೇಲೊಬ್ಬರು ಪ್ರಾಕ್ಟೀಸ್ ಮಾಡುತ್ತೇವೆ. ಗುರುವಾರ ಕತ್ತಿನ ಸ್ಕ್ಯಾನ್, ಮಲಗುವ ಸರದಿ ನನ್ನದು. ರೂಮ್‌ಮೇಟ್ ತಣ್ಣನೆಯ ಜೆಲ್ ಹಚ್ಚಿ, "ಅಲುಗಾಡ್ಬೇಡ್ವೇ, ಕೋಳಿ ಕತ್ತು ನಿಂದು, ಏನೂ ಸಿಗಲ್ಲ ಇದ್ರಲ್ಲಿ" ಎಂದು ನಗಿಸುತ್ತಿದ್ದಳು. ಆಮೇಲೆ ನಮಗೆ ಪಾಠ ಮಾಡುವ ಮೇಡಂ ಅವರನ್ನು ಕರೆದಳು. ಅವರು ತಾವೇ ಪ್ರೋಬ್ ಹಿಡಿದು ಒಂದೇ ಜಾಗವನ್ನು ಎರಡು ಸಲ ಅಳೆದರು. ನಂತರ ಕೇಳಿದರು, "ಬೆಳಿಗ್ಗೆ ತಿಂಡಿ ಏನ್ ತಿಂದ್ಯಮ್ಮ?"

ಮೊದಲ ವಾರವೇ ಅವರು ನಮಗೆ ಹೇಳಿಕೊಟ್ಟ ಪಾಠ ಅದು. ಸ್ಕ್ರೀನಿನಲ್ಲಿ ಏನಾದರೂ ಕಂಡರೆ ಹೇಳಬೇಕಾದವರು ಡಾಕ್ಟರ್, ನಾವಲ್ಲ. ಮುಖ ಬದಲಾಯಿಸದೆ ಪೇಷಂಟಿನ ತಿಂಡಿ ವಿಚಾರಿಸಬೇಕು. "ಬ್ರೆಡ್, ಮೇಡಂ" ಎಂದೆ. ನಾನೂ ಮುಖ ಬದಲಾಯಿಸಲಿಲ್ಲ.

ಮಂಗಳವಾರ ಡಾಕ್ಟರ್ ನೋಡುತ್ತಾರೆ. ಕತ್ತಿನಲ್ಲಿ ಕಾಣುವ ಇಂಥ ಗಂಟುಗಳಲ್ಲಿ ಹೆಚ್ಚಿನವು ಏನೂ ಅಲ್ಲ ಎಂದು ಪುಸ್ತಕದಲ್ಲಿದೆ, ಮೂರು ಸಲ ಓದಿದೆ. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಫಾರ್ಮಿನಲ್ಲಿ ಕೇಳಿದ್ದಾರೆ. ಅಲ್ಲಿ ಖಾಲಿ ಬಿಟ್ಟಿದ್ದೇನೆ. ನಿನ್ನ ಕತ್ತಿನ ಗಾಯದ ಗೆರೆ ಚಿಕ್ಕಂದಿನಲ್ಲಿ ತಂತಿಬೇಲಿ ತಗುಲಿ ಆದದ್ದು ಅಂತಿದ್ದೆ ನೀನು. ಅಂಥ ನೇರವಾದ ಗೆರೆಯನ್ನು ಇಲ್ಲಿ ಆಪರೇಷನ್ ಆದವರ ಕತ್ತಿನಲ್ಲಿ ದಿನಾ ನೋಡುತ್ತೇನಮ್ಮ. ಕೋಪವೇನಿಲ್ಲ. ಹಳೆಯ ರಿಪೋರ್ಟ್ ಇದ್ದರೆ ಹುಡುಕಿಕೊಡು.

ರೂಮ್‌ಮೇಟನ್ನು ಏನೂ ಕೇಳಬೇಡ, ಅವಳು ನಿನ್ನ ತಿಂಡಿ ವಿಚಾರಿಸಿಯಾಳು. ಸೋಮವಾರ ಬೆಳಿಗ್ಗೆ ವಾಪಸ್ ಹೊರಡುತ್ತಾಳೆ, ಅಷ್ಟರೊಳಗೆ ಉತ್ತರ ಬರೆದು ಅವಳ ಕೈಲಿ ಕೊಡು.

ನಿನ್ನ ಮಗಳು