ಕಾಡಂಚಿನ ಶಾಲೆಯ ಸೀಟು

ಕಟ್ಟೆಮಳಲವಾಡಿ
೧೪-೬-೧೯೫೭

ಪ್ರೀತಿಯ ಗೆಳತಿ ಮಂಗಳಗೌರಿಗೆ,

ಮಲ್ಲಾಜಮ್ಮನ ನೆನಪುಗಳು. ನಿನ್ನ ಮೂರು ಕಾಗದವೂ ಕೈಸೇರಿವೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಯಜಮಾನರಿಗೆ ವರ್ಗದ ಆರ್ಡರು ತಲುಪಲಿ ಎಂದು ಬೇಕೆಂದೇ ಕಾದೆ. ಮಕ್ಕಳು ಚೆನ್ನಾಗಿದ್ದಾರೆಯೆ? ನಿನ್ನ ಮಂಡಿನೋವು ಹೇಗಿದೆ?

'ಹುಣಸೂರಿನಲ್ಲಿದ್ದ ಇವರನ್ನು ಕಾಕನಕೋಟೆ ಕಾಡಿಗೆ ಯಾರು ಹಾಕಿಸಿದರೋ' ಎಂದು ಬರೆದಿದ್ದೀಯೆ. ನಾನೇ ಹಾಕಿಸಿದೆ, ಗೌರಿ.

ಆ ಕಾಡಂಚಿನ ಊರಿನಲ್ಲಿ ಮಾರಮ್ಮನ ಗುಡಿ ಜಗಲಿಯ ಮೇಲೆ ಆರು ವರ್ಷ ಶಾಲೆ ನಡೆಸಿದವಳು ನಾನು. ಟ್ರೈನಿಂಗ್ ಆದವರು ಯಾರೂ ಅಲ್ಲಿಗೆ ಬರುವುದಿಲ್ಲವೆಂದು ಐವತ್ತಮೂರರಲ್ಲಿ ಇಲಾಖೆಯವರು ಆ ಊರಿಗೆಂದೇ ಒಂದು ಟ್ರೈನಿಂಗ್ ಸೀಟು ಕೊಟ್ಟರು. ಓದಿ ಬಂದವರು ಅಲ್ಲೇ ಮೂರು ವರ್ಷ ಪಾಠ ಹೇಳಬೇಕು. ಕೊನೆ ಗಳಿಗೆಯಲ್ಲಿ ನನ್ನ ಹೆಸರು ಹೋಗಿ ನಿನ್ನ ಯಜಮಾನರು ಚನ್ನಬಸವಣ್ಣನವರ ಹೆಸರು ಬಂತು. ಅವರು ಓದಿ ಬಂದು, ಆಗಲೇ ನಾಲ್ವರು ಟ್ರೈನಿಂಗ್ ಆದ ಮೇಷ್ಟ್ರುಗಳಿದ್ದ ಹುಣಸೂರಿನ ಶಾಲೆಯಲ್ಲಿ ಐದನೆಯವರಾಗಿ ಕುಳಿತರು. ಎರಡು ವರ್ಷಕ್ಕೆ, ಟ್ರೈನಿಂಗ್ ಇಲ್ಲವೆಂದು ನನ್ನನ್ನು ತೆಗೆದರು. ಅಲ್ಲಿಗೆ ಆ ಶಾಲೆಯೂ ಮುಚ್ಚಿತು.

ಈ ಯುಗಾದಿ ಕಳೆದ ಮೇಲೆ ಆ ಊರಿನ ಹಿರಿಯ ಸಣ್ಣಬೀರಯ್ಯನನ್ನು ಕರೆದುಕೊಂಡು ಹೊಸ ಸ್ಕೂಲ್ ಇನ್ಸ್‌ಪೆಕ್ಟರ ಬಳಿ ಹೋದೆ. ಅವನು ಕೈಮುಗಿದು, "ಸ್ವಾಮಿ, ನಮ್ಮೂರ ಎಸರಲ್ಲಿ ಓದ್ಕಂಡ್ ಬಂದ ಮೇಷ್ಟ್ರು ಎಲ್ಲವ್ರೆ? ನಮ್ ಐಕ್ಳು ಎಲ್ಡು ವರ್ಸದಿಂದ ದನ ಕಾಯ್ತಾ ಅವೆ" ಎಂದ. ಇನ್ಸ್‌ಪೆಕ್ಟರು ಹಳೆಯ ಫೈಲು ತರಿಸಿ ಓದಿದರು. "ಸೀಟು ಊರಿನದು. ಓದಿದವರು ಆ ಊರಿಗೇ ಹೋಗಬೇಕು" ಎಂದವರು ಆವತ್ತೇ ಆರ್ಡರು ಬರೆಸಿದರು.

ಹೋದ ಸೋಮವಾರ ನಿನ್ನ ಯಜಮಾನರು ಇಲ್ಲಿಗೆ ಬಂದಿದ್ದರು. ನಿನಗೆ ಹೇಳಿರಲಾರರು.

"ಮಲ್ಲಾಜಮ್ಮೋರೆ, ಅಲ್ಲಿ ಆನೆ ಕಾಟ ಕಣ್ರೀ, ಚಳಿಜ್ವರ ಬೇರೆ. ಇನ್ಸ್‌ಪೆಕ್ಟರಿಗೆ ಒಂದ್ ಮಾತು ಏಳಿಬುಡಿ."

"ನಾನು ಆರು ವರ್ಷ ಇದ್ನಲ್ಲಾ, ಆಗ ಆನೆ ಇರ್ನಿಲ್ವಾ?" ಎಂದೆ.

ಮಜ್ಜಿಗೆ ಕೊಟ್ಟೆ. ಕುಡಿದು, ತಲೆ ತಗ್ಗಿಸಿಕೊಂಡು ಹೋದರು. ಬೀದಿ ತಿರುಗುವವರೆಗೂ ನಿಂತು ನೋಡಿದೆ. ಎಷ್ಟೋ ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಈ ವರ್ಷ ನನಗೂ ಸೀಟು ಸಿಕ್ಕಿದೆ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮೈಸೂರಿಗೆ ಹೋಗಿ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂರುತ್ತೇನೆ. ಮುಗಿಸಿ ಅದೇ ಊರಿಗೆ ಬರುತ್ತೇನೆಂದು ಬರೆದುಕೊಟ್ಟಿದ್ದೇನೆ. ಆಗ ನಿನ್ನವರು ಅಲ್ಲೇ ಇರುತ್ತಾರೆ. ಒಂದು ದಿನ ಶಾಲೆ ತಪ್ಪಿಸಿದರೂ ಮೇಲಕ್ಕೆ ಕಾಗದ ಬರೆಯುವವಳು ನಾನೇ.

ಮಕ್ಕಳಿಗೆ ನನ್ನ ಆಶೀರ್ವಾದ. ಅವರು ಚೆನ್ನಾಗಿ ಓದಲಿ, ಯಾರ ಪಾಲನ್ನೂ ಕಸಿಯದೆ ಬದುಕಲಿ.

ಇಂತಿ,
ಮಲ್ಲಾಜಮ್ಮ

ಮತ್ತೊಂದು ಮಾತು: ಆ ಫೈಲಿನಲ್ಲಿ ನನ್ನ ಹೆಸರಿನಲ್ಲಿ ಬರೆದ ಒಂದು ಕಾಗದವಿತ್ತು. 'ಆರೋಗ್ಯ ಸರಿಯಿಲ್ಲ, ಟ್ರೈನಿಂಗ್ ಬೇಡ' ಎಂದು. ಬರಹ ನಿನ್ನದು. ಯಾರು ಬರೆದದ್ದೆಂದು ಇನ್ಸ್‌ಪೆಕ್ಟರು ಕೇಳಿದಾಗ ಗೊತ್ತಿಲ್ಲವೆಂದೆ. ನಿನಗಾಗಿ ನಾನು ಹೇಳುವ ಕೊನೆಯ ಸುಳ್ಳು ಅದು. ನಿನ್ನ ಯಜಮಾನರೊಬ್ಬರೇ ನೌಕರಿಗಾಗಿ ಮಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಐವತ್ತಮೂರರ ಆ ಬೇಸಗೆಯಲ್ಲಿ ನೀನು ನನ್ನ ಮನೆಯಲ್ಲಿದ್ದೆ, ಮೈಸೂರಿಗೆಂದು ನನ್ನ ಸೀರೆಗಳನ್ನು ಮಡಿಸಿ ಟ್ರಂಕಿಗೆ ಇಟ್ಟುಕೊಟ್ಟೆ. ಆ ಕಾಗದ ಬರೆದದ್ದು ಅದಕ್ಕೆ ಮೊದಲೋ, ಆಮೇಲೋ? ಅಷ್ಟು ತಿಳಿಸು. ಬೇರೇನೂ ಬರೆಯಬೇಡ.