ಭಟ್ಟಿ ಕಂಡ ತುಂಡು

೧೩ ಜುಲೈ ೧೯೮೬, ರವಿವಾರ. ಅಣ್ಣಿಗೇರಿ.

ನಾಳೆ ಧಾರವಾಡದಲ್ಲಿ ಪಿಎಚ್.ಡಿ. ಮಾರ್ಗದರ್ಶಕರಿಗೆ ತೋರಿಸಬೇಕಿದ್ದ ಏರೋಜೆಲ್ ತುಂಡು ಒಡೆದುಹೋಯಿತು. ಕಾಯಿಸಿದವುಗಳಲ್ಲಿ ಬಿರುಕಿಲ್ಲದೆ ಉಳಿದದ್ದು ಅದೊಂದೇ. ಅಂಗೈಯಲ್ಲಿಟ್ಟರೂ ಭಾರ ತಿಳಿಯದ, ಒಳಗೆಲ್ಲ ಗಾಳಿಯೇ ತುಂಬಿದ ಗಾಜಿನಂಥ ಆ ಸಿಲಿಕಾವನ್ನು ಭಟ್ಟಿಯಲ್ಲಿ ಐದುನೂರು ಡಿಗ್ರಿಗೆ ಕಾಯಿಸಿದ್ದೆ. ಮಬ್ಬು ಹೋಗಿ ತಿಳಿಯಾಗಿತ್ತು. ಕಾಯಿಸಿದರೆ ಗುಣ ಹೆಚ್ಚುತ್ತದೆ ಎಂದೇ ಪ್ರಬಂಧದಲ್ಲಿ ಬರೆದಿದ್ದೇನೆ.

ಮನೆಗೆ ಬಂದ ಹೊಸ ವಸ್ತುವನ್ನೆಲ್ಲ ಅತ್ತೆ ದೇವರ ಜಗಲಿಯ ಮೇಲಿಟ್ಟು ನೀರು ಚಿಮುಕಿಸುತ್ತಾರೆ. ಭಟ್ಟಿ ಕಾಣದ ತುಂಡಿಗೂ ಹಿಂದೊಮ್ಮೆ ಚಿಮುಕಿಸಿದ್ದರು. ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಿಹೋಗಿ ಇಬ್ಬರೂ ನಕ್ಕಿದ್ದೆವು. ಇವತ್ತಿನ ತುಂಡು ನೀರು ಕುಡಿದು ಕಣ್ಣೆದುರೇ ಚೂರಾಯಿತು.

“ಅಯ್ಯ ಶಿವನ! ಹ್ವಾದ ಸಲ ಏನೂ ಆಗಿದ್ದಿಲ್ಲಲ್ಲವಾ?”

“ಇದನ್ನ ಕಾಸಿದ್ದೆ, ಅತ್ತಿ.”

“ಸುಟ್ಟ ಗಡಗಿ ನೀರು ಹಿಡೀತೈತಿ. ನಿಂದು ಸುಟ್ಟ ಮ್ಯಾಲೆ ನೀರಿಗೆ ಅಂಜತೈತಿ. ಎಂಥಾ ಭಟ್ಟಿಬೇ ಅದು?”

ರೇಗಿದೆ. ಆದರೆ ಅತ್ತೆಯ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ತುಂಡಿನಲ್ಲಿ ನೀರನ್ನು ದೂರವಿಡುತ್ತಿದ್ದ ಅಂಶವನ್ನು ಬೆಂಕಿಯೇ ಸುಟ್ಟಿರಬೇಕು. ತಿಳಿಯಾದದ್ದನ್ನು ಅಳೆದೆ, ತೋಯಿಸಿ ನೋಡಲೇ ಇಲ್ಲ.

ಕವಿತೆಯ ಪುಸ್ತಕ ತೆರೆದೆ. ಸಾಲುಗಳು ಒಳಗಿಳಿಯಲಿಲ್ಲ. ಮಾರ್ಗದರ್ಶಕರು ಇನ್ನೊಂದು ವರ್ಷ ಎಂದರೆ? ನಲವತ್ತೆಂಟರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಎಷ್ಟು ಉದ್ದ. ಬಸ್ಸಿನಲ್ಲಿ ಒಡೆಯಿತೆಂದು ಹೇಳಿದರೆ ಅವರು ನಂಬಿ ಪ್ರಬಂಧಕ್ಕೆ ಸಹಿ ಹಾಕಿಯೂಬಿಟ್ಟಾರು.

ತುಂಡು ತಂದ ಡಬ್ಬಿಯ ಮೂಲೆಯಲ್ಲಿ ಕಾಯಿಸಿದ ಚೂರೊಂದು ನೀರು ತಾಗದೆ ಉಳಿದಿದೆ. ಅದನ್ನೂ ಭಟ್ಟಿ ಕಾಣದ ತುಂಡೊಂದನ್ನೂ ಅವರ ಮೇಜಿನ ಮೇಲಿಟ್ಟು, ಒಂದು ಲೋಟ ನೀರು ತರಿಸುತ್ತೇನೆ. ಅವರೆದುರಿಗೇ ಹನಿಸುತ್ತೇನೆ.