ನಿನ್ನ ಕೆನ್ನೆಯ ನೀಲಿ ಗೆರೆ

ಅಮ್ಮಾ,

ನೀನು ಹೋದಮೇಲೆ ಇವತ್ತೇ ಮೊದಲ ಸಲ ದವಡೆಯ ಗಡ್ಡೆಯೊಂದನ್ನು ತೆಗೆದೆ, ಒಬ್ಬ ಅಜ್ಜಿಯದು, ನಿನಗಾಗಿದ್ದಂಥದ್ದೇ. ಮೂಳೆ ಮುಟ್ಟುವ ಮೊದಲು ಮುಖದ ಅಭಿಧಮನಿಯನ್ನು, ಆ ನೀಲಿ ರಕ್ತನಾಳವನ್ನು, ಹುಡುಕಿ ಕಟ್ಟಬೇಕು. ಅದು ಹರಿದರೆ ರಕ್ತದಲ್ಲಿ ದಾರಿಯೇ ಕಾಣದು. ಬಡಿಯುವ ಧಮನಿಯ ಹಿಂದೆಯೇ ಅದು ಸದ್ದಿಲ್ಲದೆ ಇತ್ತು, ಮೆಡಿಕಲ್ ಓದುವಾಗ ಕಲಿಯಲೆಂದು ನಿನ್ನ ಕೆನ್ನೆಯ ಮೇಲೆ ನೀಲಿ ಪೆನ್ನಿನಲ್ಲಿ ನಾನು ಗೆರೆ ಎಳೆದಿದ್ದ ಜಾಗದಲ್ಲೇ.

ದವಡೆಯ ಸ್ನಾಯು ಉಬ್ಬಿ ಜಾಗ ಸಿಗಲೆಂದು "ಹಲ್ಲು ಕಚ್ಚಮ್ಮಾ" ಅಂದರೆ, "ಬೇಗ ಮುಗ್ಸೋ, ಒಲೆ ಮೇಲೆ ಹಾಲಿದೆ" ಎಂದು ನೀನು ಹಲ್ಲು ಕಚ್ಚಿಕೊಂಡೇ ಗೊಣಗುತ್ತಿದ್ದೆ. ಒಮ್ಮೆ ಆ ಗೆರೆಯನ್ನು ಅಳಿಸದೆ ಅಂಗಡಿಗೂ ಹೋಗಿ, "ನನ್ ಮಗ ಡಾಕ್ಟ್ರಾಗ್ತಿದಾನೆ" ಅಂದು ಬಂದಿದ್ದೆ.

ಆಪರೇಷನ್ ಮುಗಿಸಿ ಹೊರಗೆ ಬಂದಾಗ ಅಜ್ಜಿಯ ಮಗ ಹೇಳಿದ: "ಹಲ್ಲುನೋವು ಅಂದ ದಿನಾನೇ ಕರ್ಕೊಂಡು ಬಂದಿದ್ದೆ, ಡಾಕ್ಟ್ರೇ."

ನೀನೂ ಫೋನಿನಲ್ಲಿ ಹಲ್ಲುನೋವು ಅಂತಲೇ ಅಂದಿದ್ದೆ. ನಾನು ಮಾತ್ರೆಯ ಹೆಸರು ಹೇಳಿ ಇಟ್ಟುಬಿಟ್ಟಿದ್ದೆ.